ಪಾರ್ಕಿನ ಪ್ಯಾಕೇಜಿಗೆ ಕೊಸರಾಗಿ ಕಡಲು: ಖೋಪೋಲಿಗೆ ಹೊರಡುವವರು ಓದಿ

ಊರಿನಿಂದ ನೆಂಟರು ಬಂದಾಗ ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕ್ ತೋರಿಸಿ, ಹಾಗೆಯೇ ಅಲಿಬಾಗ್ ಸಮುದ್ರವನ್ನೂ ಮುಗಿಸಿಕೊಂಡು ಬರೋಣ ಎಂದುಕೊಂಡಿರುವ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡಿಗರೇ, ದಯವಿಟ್ಟು ಇದನ್ನು ಓದಿ. ಪಾರ್ಕಿನ ಬಗ್ಗೆ ನನಗೆ ತಕರಾರಿಲ್ಲ. ಟ್ರಾವೆಲ್ ಏಜೆಂಟರು ಅದರ ಬಾಲಕ್ಕೆ ಕಟ್ಟುವ 'ಒಂದು ದಿನ ಬೀಚ್ ಉಚಿತ' ಎಂಬ ಕೊನೆಯ ದಿನವಿದೆಯಲ್ಲ, ನನ್ನ ಮಾತೆಲ್ಲ ಅದರ ಬಗ್ಗೆ. ಸಂತೆಯಲ್ಲಿ ಸೊಪ್ಪಿನ ಮೇಲೆ ಹಾಕುವ ಕೊಸರಿನ ಹಾಗೆ ಅವರು ಕಡಲನ್ನು ಕೊಡುತ್ತಾರೆ. ಯಾವ ತೀರ, ಎಷ್ಟು ಹೊತ್ತಿಗೆ ತಲುಪುತ್ತೇವೆ, ಆಗ ನೀರು ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ ಎಂಬುದು ಆ ಕರಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ.

ದಸರಾ ರಜೆಗೆ ದಾವಣಗೆರೆಯಿಂದ ಅಕ್ಕ, ಭಾವ, ಅವರ ಮಕ್ಕಳು ಮತ್ತು ನಮ್ಮ ಅಮ್ಮ ಬಂದಿದ್ದರು. ನಮ್ಮ ಬಡಾವಣೆಯ ಏಜೆಂಟನ ಮೂಲಕ ಹೊರಟೆವು. ನವಮಿಯಂದು ಪಾರ್ಕ್, ದಶಮಿಯಂದು ಪಕ್ಕದ ವಾಟರ್ ಪಾರ್ಕ್, ಮರುದಿನ ಅಲಿಬಾಗ್. ಮೊದಲೆರಡು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಅಲ್ಲಿ ಪ್ರತಿ ಆಟಕ್ಕೂ ಎತ್ತರದ ಅಳತೆ ಇದೆ, ಬೆಲ್ಟ್ ಬಿಗಿದಿದೆಯೇ ಎಂದು ನೋಡುವವರಿದ್ದಾರೆ. ಅಲೆಗಳ ಕೊಳದಲ್ಲಿ ಮೊದಲು ಸೈರನ್ ಕೂಗುತ್ತದೆ, ಆಮೇಲೆ ಅಲೆ ಬರುತ್ತದೆ. ಕೆಲವು ನಿಮಿಷ ಕುಣಿಸಿ ನಿಲ್ಲುತ್ತದೆ. ನೆಲ ಒಂದೇ ಸಮನೆ ಇಳಿಯುತ್ತದೆ. ಯಾರಾದರೂ ಆಳದ ಕಡೆಗೆ ಸರಿದರೆ ಸೀಟಿ ಊದುತ್ತಾರೆ. ಅಕ್ಕನ ಮಗ ಇಡೀ ಮಧ್ಯಾಹ್ನ ಅದರಲ್ಲಿಯೇ ಬಿದ್ದುಕೊಂಡಿದ್ದ. ಬಯಲುಸೀಮೆಯ ಹುಡುಗ, ಅಲೆ ಎಂದರೆ ಏನೆಂದು ಅವನು ಕಲಿತದ್ದೇ ಆ ಕೊಳದಲ್ಲಿ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ ಎಂದಿದ್ದರು. ಟೆಂಪೋ ಟ್ರಾವೆಲರ್ ಬಂದದ್ದು ಹತ್ತು ಕಳೆದ ಮೇಲೆ. ಖೋಪೋಲಿಯಿಂದ ಪೇಣ್, ವಡಖಲ್, ಪೋಯ್ನಾಡ್ ಮೂಲಕ ಅಲಿಬಾಗ್ ಅರವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಕ್ಷೆಯಲ್ಲಿ ಸಣ್ಣ ದಾರಿ. ಆದರೆ ವಡಖಲ್‌ನಲ್ಲಿ ಗೋವಾ ಹೆದ್ದಾರಿಯ ವಾಹನಗಳೂ ಅಲಿಬಾಗ್‌ಗೆ ತಿರುಗುವ ವಾಹನಗಳೂ ಒಂದೇ ಕಡೆ ಸಿಕ್ಕಿಕೊಳ್ಳುತ್ತವೆ. ರಜೆಯ ದಿನಗಳಲ್ಲಿ ಅಲ್ಲಿಂದ ಕಾರ್ಲೆ ಖಿಂಡಿಯವರೆಗೂ ತೆವಳಬೇಕು. ಇದು ಸಾಲದೆಂದು ಮಾರ್ಗದರ್ಶಕ ಪೇಣ್‌ನಲ್ಲಿ ಹಪ್ಪಳದ ಅಂಗಡಿಯೊಂದರ ಮುಂದೆ ನಿಲ್ಲಿಸಿದ, ಮುಂದೆ ಅವನ ಪರಿಚಯದ ಹೋಟೆಲಿನಲ್ಲಿ ಊಟಕ್ಕೆ ಮತ್ತೆ ನಿಲ್ಲಿಸಿದ. ಅಮ್ಮನಿಗೆ ಅಂದು ಏಕಾದಶಿ, ಬಾಳೆಹಣ್ಣು ತಿಂದು ಗಾಡಿಯಲ್ಲಿಯೇ ಕುಳಿತಿದ್ದರು. ಅಲಿಬಾಗ್ ತೀರ ಮುಟ್ಟಿದಾಗ ಮೂರೂಕಾಲು.

ತೀರದ ಎದುರಿಗೇ ನೀರಿನ ನಡುವೆ ಕುಲಾಬಾ ಕೋಟೆ ಇದೆ. ಶಿವಾಜಿಯ ಕಾಲದ ಕೊನೆಯಲ್ಲಿ ಕಟ್ಟಲು ತೊಡಗಿದ್ದು, ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾಪಡೆಗೆ ನೆಲೆಯಾಯಿತು. ಸಮುದ್ರ ಇಳಿದಾಗ ನಡೆದೇ ಹೋಗಬಹುದು, ಏರಿದಾಗ ಅದು ನಡುಗಡ್ಡೆ. ನಡೆಯಲಾಗದವರಿಗೆ ಕುದುರೆಗಾಡಿಗಳಿವೆ. ಮಾರ್ಗದರ್ಶಕ ನಮ್ಮನ್ನು ಎರಡು ಗಾಡಿಗಳಿಗೆ ಹತ್ತಿಸಿ, ಹೋಗಿ ಬರುವ ಬಾಡಿಗೆ ಎಂದು ಹಣವನ್ನು ಮುಂಚೆಯೇ ತಾನು ತೆಗೆದುಕೊಂಡ. ನೀರು ತಿರುಗುವುದು ಎಷ್ಟು ಹೊತ್ತಿಗೆ ಎಂದು ನಾನು ಕೇಳಿದೆ. "ಆರು ಗಂಟೆಯವರೆಗೂ ಏನೂ ಆಗುವುದಿಲ್ಲ ಮೇಡಂ, ಆರಾಮವಾಗಿ ನೋಡಿ, ಐದಕ್ಕೆ ಗಾಡಿ ಬರುತ್ತದೆ" ಎಂದ. ತಾನು ಬರಲಿಲ್ಲ, ದಡದಲ್ಲಿ ಉಳಿದ.

ಕೋಟೆ ನಿಜಕ್ಕೂ ನೋಡುವಂಥದ್ದು. ಸುತ್ತ ಉಪ್ಪುನೀರು ಇರುವಾಗ ಒಳಗಿನ ಬಾವಿಯಲ್ಲಿ ಸಿಹಿನೀರು. ಗಣಪತಿಯ ಗುಡಿಯ ಮುಂದೆ ಅಮ್ಮ ಬಹಳ ಹೊತ್ತು ಕುಳಿತರು. ಅಷ್ಟರಲ್ಲಿ ಗುಡಿಯ ಬಳಿ ಇದ್ದ ಹಿರಿಯರೊಬ್ಬರು ಬಂದು, ನೀರು ಏರುತ್ತಿದೆ, ಈಗಲೇ ಹೊರಡಿ ಎಂದರು. ಬಾಗಿಲಿಗೆ ಬಂದು ನೋಡಿದರೆ ಗಾಡಿ ಇಲ್ಲ. ಮಾರ್ಗದರ್ಶಕನ ಮೊಬೈಲ್ ಬಾರಿಸುತ್ತದೆ, ಎತ್ತುವುದಿಲ್ಲ. ಬೇರೆ ಗಾಡಿಗಳು ತಮ್ಮ ಜನರನ್ನು ಹತ್ತಿಸಿಕೊಂಡು ಹೊರಟುಹೋದವು. ಕೊನೆಯದಾಗಿ ಹೊರಟ ಗಾಡಿಯವನು ನಮ್ಮ ಗಾಡಿಗಳು ಬೇರೆ ಬಾಡಿಗೆಗೆ ಹೋದವೆಂದೂ, ಒಂದು ಕಡೆಯ ಹಣ ಮಾತ್ರ ಅವರ ಕೈ ಸೇರಿತ್ತೆಂದೂ ಹೇಳಿದ.

ನಡೆದೇ ಹೊರಟೆವು. ಹೋಗುವಾಗ ಪಾದ ಮುಳುಗುವಷ್ಟಿದ್ದ ನೀರು ಆಗಲೇ ಮೊಣಕಾಲಿಗಿತ್ತು. ನನ್ನನ್ನು ನಿಜವಾಗಿ ಹೆದರಿಸಿದ್ದು ಆಳವಲ್ಲ. ಸಮುದ್ರ ಎಂದರೆ ಎದುರಿನಿಂದ ಅಲೆಯಾಗಿ ಬರುತ್ತದೆ ಎಂದೇ ನಮ್ಮ ತಲೆಯಲ್ಲಿರುತ್ತದೆ. ಅಲ್ಲಿ ಅದು ಕೋಟೆಯ ಎಡಬಲ ಎರಡೂ ಕಡೆಯಿಂದ ಸದ್ದಿಲ್ಲದೆ ಹರಿದು ಬಂದು ನಡುದಾರಿಯಲ್ಲಿ ಸೇರುತ್ತಿತ್ತು. ಕಾಲಿನ ಕೆಳಗಿನ ಮರಳು ಜಾರುತ್ತಿತ್ತು. ಭಾವ ಅಮ್ಮನ ಕೈ ಹಿಡಿದಿದ್ದರು, ನಮ್ಮ ಯಜಮಾನರು ಚಿಕ್ಕವಳನ್ನು ಹೆಗಲಿಗೇರಿಸಿಕೊಂಡಿದ್ದರು. ಅರ್ಧ ದಾರಿಯಲ್ಲಿ ಅಕ್ಕನ ಮಗ ಕೈ ಕೊಸರಿಕೊಂಡು ಖುಷಿಯಿಂದ ಪಕ್ಕದ ಸೆಳವಿಗೆ ಹಾರಿದ. ಹಿಂದಿನ ದಿನ ಮಾಡಿದ್ದನ್ನೇ ಮಾಡಿದ, ಅಷ್ಟೇ. ಎರಡು ಹೆಜ್ಜೆ ಆಚೆ ಅವನ ಎದೆಯವರೆಗೆ ನೀರು, ಇನ್ನೊಂದು ಹೆಜ್ಜೆಗೆ ಕಾಲು ನೆಲ ಬಿಟ್ಟಿತು. ಅಕ್ಕ ಅಂಗಿಯ ಕಾಲರ್ ಹಿಡಿದು ಎಳೆದಳು. ಮುಖ ಒರೆಸಿಕೊಳ್ಳುತ್ತಾ ಅವನು ಕೇಳಿದ ಮಾತು ಇದು: "ಚಿಕ್ಕಮ್ಮ, ಇದನ್ನು ಯಾವಾಗ ನಿಲ್ಲಿಸುತ್ತಾರೆ?"

ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಅಲೆಗಳ ಕೊಳದಲ್ಲಿ ಇಡೀ ಮಧ್ಯಾಹ್ನ ಕುಣಿದ ಮಗುವಿಗೆ ನೀರಿನ ಭಯ ಹೋಗಿರುತ್ತದೆ, ಆದರೆ ನೀರಿನ ತಿಳಿವಳಿಕೆ ಬಂದಿರುವುದಿಲ್ಲ. ಅಲ್ಲಿ ಅಲೆಗೆ ಗುಂಡಿ ಇದೆ, ಒತ್ತುವವರಿದ್ದಾರೆ. ಆ ಧೈರ್ಯವನ್ನು ಹೊತ್ತ ಮಗುವನ್ನು ಮರುದಿನವೇ ಕೊಂಕಣದ ತೀರಕ್ಕೆ ತಂದು ನಿಲ್ಲಿಸುವ ಕಾರ್ಯಕ್ರಮವನ್ನು ಯಾವ ಜವಾಬ್ದಾರಿಯುತ ಏಜೆಂಟನೂ ಹಾಕಬಾರದು. 2016ರ ಫೆಬ್ರುವರಿ 1ರಂದು ಇದೇ ರಾಯಗಡ ಜಿಲ್ಲೆಯ ಮುರುಡ್ ತೀರದಲ್ಲಿ ಪುಣೆಯಿಂದ ಪ್ರವಾಸಕ್ಕೆ ಬಂದಿದ್ದ 14 ಕಾಲೇಜು ವಿದ್ಯಾರ್ಥಿಗಳು ಮುಳುಗಿ ಸತ್ತರು. ಅವರು ಮಕ್ಕಳೂ ಅಲ್ಲ, ಬೆಳೆದ ಹುಡುಗ ಹುಡುಗಿಯರು. ಮುಂಬೈಯವರಿಗೆ ಮಾಲಾಡ್‌ನ ಅಕ್ಸಾ ತೀರದ ಸುದ್ದಿಗಳೇನೂ ಹೊಸವಲ್ಲ.

ನಮ್ಮನ್ನು ದಡ ಸೇರಿಸಿದವರು ಅಲ್ಲಿಯ ಕೋಳಿವಾಡದ, ಅಂದರೆ ಬೆಸ್ತರ ಕೇರಿಯ, ಇಬ್ಬರು ಮೀನುಗಾರರು. ದೂರದಿಂದ ನೋಡಿ ಸಣ್ಣ ದೋಣಿ ತಂದರು, ಮೊದಲು ಅಮ್ಮನನ್ನೂ ಮಕ್ಕಳನ್ನೂ, ಆಮೇಲೆ ನಮ್ಮನ್ನು ಕರೆದೊಯ್ದರು. ಹಣ ಕೊಡಹೋದರೆ ದೇವರ ಹುಂಡಿಗೆ ಹಾಕಿ ಎಂದರು. ಅವರಲ್ಲಿ ಹಿರಿಯರು ಅಮ್ಮನ ಉಪವಾಸದ ವಿಷಯ ತಿಳಿದು ಒಂದು ಲೆಕ್ಕ ಹೇಳಿಕೊಟ್ಟರು. ಇದನ್ನು ನೀವೂ ಬರೆದಿಟ್ಟುಕೊಳ್ಳಿ. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಈ ಭಾಗದಲ್ಲಿ ಪೂರ್ಣ ಉಬ್ಬರದ ಗಂಟೆ ಹೆಚ್ಚುಕಡಿಮೆ ಸಿಗುತ್ತದೆ. ಏಕಾದಶಿ ಎಂದರೆ ಹನ್ನೊಂದು, ಅದರ ಮುಕ್ಕಾಲು ಎಂಟೂಕಾಲು. ಬೆಳಿಗ್ಗೆ ಎಂಟೂಕಾಲಕ್ಕೆ ಉಬ್ಬರ, ಆರು ಗಂಟೆ ಚಿಲ್ಲರೆ ಕಳೆದು ಮಧ್ಯಾಹ್ನ ಎರಡೂವರೆಗೆ ಪೂರ್ಣ ಇಳಿತ. ಅಂದರೆ ನಮ್ಮನ್ನು ಗಾಡಿ ಹತ್ತಿಸಿದ ಹೊತ್ತಿಗೆ ಸಮುದ್ರ ಆಗಲೇ ತಿರುಗಿತ್ತು! ಅಲ್ಲಿ ದಿನವೂ ಜನರನ್ನು ತರುವ ಮಾರ್ಗದರ್ಶಕನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಇನ್ನೊಂದು ವಿಷಯ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದ ನಂತರದ ಮೊದಲ ಗಂಟೆಯಲ್ಲಿ ಏರಿದ್ದೇ ತಿಳಿಯುವುದಿಲ್ಲ. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಆಗಿಬಿಡುತ್ತದೆ. 'ಇನ್ನೂ ಪಾದದ ಮಟ್ಟದಲ್ಲಿದೆಯಲ್ಲ' ಎಂದು ಒಳಗೆ ಹೋದವರು ಹೊರಬರುವ ಹೊತ್ತಿಗೆ ಸರಿಯಾಗಿ ಆ ಗಂಟೆಗಳು ಬಂದಿರುತ್ತವೆ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಲ್ಲಿ ಉಬ್ಬರ ನಡುಹಗಲಿಗೆ ಬರುತ್ತದೆ, ಇಳಿತ ಮುಂಜಾನೆ ಮತ್ತು ಸಂಜೆ. ಅಂಥ ದಿನ ಹಗಲು ಹೊತ್ತಿನಲ್ಲಿ ಕೋಟೆಗೆ ನಡೆದು ಹೋಗುವ ಆಸೆ ಬಿಡಿ. ಅಷ್ಟಮಿಯ ಸುತ್ತ ನಡುಹಗಲಿಗೆ ಇಳಿತ ಇದ್ದರೂ ನೀರು ಪೂರ್ತಿ ಹಿಂದೆ ಸರಿಯದು. ದಶಮಿಯಿಂದ ತ್ರಯೋದಶಿಯವರೆಗಿನ ದಿನಗಳು ಅನುಕೂಲ, ಆದರೆ ಇಳಿತದ ಗಂಟೆಗೆ ಮುಂಚೆಯೇ ತಲುಪಿ, ಅದು ತಿರುಗುವಷ್ಟರಲ್ಲಿ ಹೊರಗಿರಬೇಕು. ಮುಕ್ಕಾಲಿನ ಲೆಕ್ಕ ಅಂದಾಜಿನದು. ಹೊರಡುವ ಮುನ್ನ ಆ ದಿನದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಮಕ್ಕಳಿಗೆ ಕಡಲು ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೊಂದು ಪ್ರತ್ಯೇಕ ದಿನ ಕೊಡಿ. ಮುಂಬೈಯಿಂದಲೇ ಹೊರಡುವುದಾದರೆ ಗೇಟ್‌ವೇಯಿಂದ ಅಲಿಬಾಗ್ ಕಡೆಯ ಮಾಂಡ್ವಾಗೆ ದೋಣಿ ಇದೆ, ಸುಮಾರು ಒಂದು ಗಂಟೆಯ ಪ್ರಯಾಣ, ಮಳೆಗಾಲದಲ್ಲಿ ಇರುವುದಿಲ್ಲ. ಕಾರು ಒಯ್ಯುವವರಿಗೆ 2020ರಿಂದ ಭಾವೂಚಾ ಧಕ್ಕಾದಿಂದ ರೋ-ರೋ ಹಡಗು ಇದೆ. ವಡಖಲ್‌ನ ಗೋಳು ತಪ್ಪುತ್ತದೆ, ಬೆಳಿಗ್ಗೆ ಬೇಗ ದಡ ಸೇರಬಹುದು. ವರಸೋಲಿ, ಕಿಹೀಮ್‌ನಂಥ ಕಡೆ ಮರಳಿನಲ್ಲಿ ಆಡಲಿ, ಪಾದ ತೋಯಿಸಿಕೊಳ್ಳಲಿ. ಗೋವಾದ ಮುಖ್ಯ ತೀರಗಳಲ್ಲಿರುವಂತೆ ಬಾವುಟ ನೆಟ್ಟು ಜೀವರಕ್ಷಕರು ಕುಳಿತಿರುತ್ತಾರೆ ಎಂದು ಭಾವಿಸಬೇಡಿ. ಜೀವರಕ್ಷಕರು ಕಾಣದ ಕಡೆ ಮಕ್ಕಳ ಮೊಣಕಾಲು ಮುಳುಗಬಾರದು, ದೊಡ್ಡವರೊಬ್ಬರು ಯಾವಾಗಲೂ ಮಗುವಿಗಿಂತ ಸಮುದ್ರದ ಕಡೆಗೆ ನಿಂತಿರಬೇಕು. ಹೊರಡುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು, ಇಲ್ಲಿ ಅಲೆಯನ್ನು ನಿಲ್ಲಿಸುವವರು ಯಾರೂ ಇಲ್ಲ ಎಂದು ಬಿಡಿಸಿ ಹೇಳಿ.

ಮರಳಿ ಬಂದ ಮೇಲೆ ಏಜೆಂಟನ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟೆವು. ಆತ ಅದನ್ನು ಓದಲೂ ಇಲ್ಲ. "ಬೀಚ್ ನಿಮಗೆ ಉಚಿತವಾಗಿತ್ತು, ಉಚಿತ ಕೊಟ್ಟದ್ದಕ್ಕೆ ಏನನ್ನು ಹಿಂದಿರುಗಿಸಲಿ?" ಎಂದ. ಕುದುರೆಗಾಡಿಯ ಹಣಕ್ಕೆ ರಸೀದಿ ಇರಲಿಲ್ಲ, ಮಾರ್ಗದರ್ಶಕ ತಮ್ಮ ನೌಕರನೇ ಅಲ್ಲ ಎಂದ. ಎಂಟು ಜನರ ಜೀವದ ವಿಷಯ ಮಾತನಾಡುತ್ತಿದ್ದೇವೆ ಎಂದು ಭಾವ ಮೇಜಿನ ಮೇಲೆ ಕೈ ಇಟ್ಟು ಹೇಳಿದರೂ ಆತ ತಲೆ ಎತ್ತಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ.

ಕ್ರಿಸ್‌ಮಸ್ ರಜೆಗೆಂದು ಅದೇ ಕರಪತ್ರ ಹೊಸ ಬಣ್ಣದಲ್ಲಿ ಅಂಗಡಿಗಳ ಗಾಜಿನ ಮೇಲೆ ಬಂದಿದೆ. ನಿಮ್ಮ ಏಜೆಂಟ್ ಯಾರೇ ಆಗಿರಲಿ, ಮುಂಗಡ ಕೊಡುವ ಮುನ್ನ ಕಾಗದದ ಮೇಲೆ ಬರೆಸಿಕೊಳ್ಳಿ: ಯಾವ ತೀರ, ತಲುಪುವ ಗಂಟೆ, ಆ ದಿನದ ಇಳಿತದ ಗಂಟೆ, ಜೊತೆಗೆ ನೀರಿನವರೆಗೂ ಬರುವ ಮಾರ್ಗದರ್ಶಕನ ಹೆಸರು, ಗಾಡಿ ಅಥವಾ ದೋಣಿಯ ಬಾಡಿಗೆ ಯಾರಿಗೆ, ಯಾವಾಗ. ಬೀಚಿನ ದಿನಕ್ಕೆ ಪ್ರತ್ಯೇಕ ದರ ಹಾಕಲು ಹೇಳಿ, ಉಚಿತ ಎಂಬ ಪದವನ್ನು ಹೊಡೆದುಹಾಕಿಸಿ. ಬರೆದುಕೊಡಲು ಒಪ್ಪದಿದ್ದರೆ ಪಾರ್ಕಿನ ಟಿಕೆಟ್ಟನ್ನಷ್ಟೇ ಕೊಂಡು, ಅದು ಮುಗಿದ ಸಂಜೆಯೇ ಖೋಪೋಲಿಯಿಂದ ಲೋಕಲ್ ಹಿಡಿದು ಮನೆಗೆ ಬನ್ನಿ.