ಕುಮಟಾದಲ್ಲಿ ಒಂದು ದಿನದ ಭೂವಿಜ್ಞಾನ ನಡಿಗೆ: ಹೋಗಬಹುದಾ?

ಹೋಗಬಹುದು. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಖಂಡಿತ ಹೋಗಿ.

ನೆಲದೊಳಗಿನ ಕಚ್ಚಾ ಎಣ್ಣೆ ಹುಡುಕುವ ಪೆಟ್ರೋಲಿಯಂ ಭೂವಿಜ್ಞಾನಿಯಾಗಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಇದನ್ನು ನಡೆಸುತ್ತಾರೆ. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಮೊದಲು ಅಘನಾಶಿನಿ ಅಳಿವೆ, ಆಮೇಲೆ ಮಿರ್ಜಾನ್ ಕೋಟೆ, ಸಂಜೆ ಅವರ ಮನೆ ಜಗಲಿಯಲ್ಲಿ ಮ್ಯಾಪು, ಕಲ್ಲು, ಮಾತು. ಕಾರವಾರದಿಂದ ಭಟ್ಕಳದವರೆಗೆ ಹುಡುಕಿದರೂ ನಮ್ಮಲ್ಲಿ ಒಂದು ಎಣ್ಣೆ ಬಾವಿ ಇಲ್ಲ. ಹಾಗಿರುವಾಗ ಎಣ್ಣೆ ಹುಡುಕಿದವರು ಇಲ್ಲಿ ಏನು ತೋರಿಸುತ್ತಾರೆ ಅಂತ ಅನಿಸಬಹುದು. ಅವರು ತೋರಿಸುವುದು ಎಣ್ಣೆ ಹೇಗೆ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಊರಲ್ಲೇ ಇದೆ.

ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗೆ ಇಳಿಸುತ್ತಾರೆ. ಒಂದು ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಇನ್ನೊಂದು ಕಡೆ ಬಳಚು (ತಿನ್ನುವ ಚಿಪ್ಪು) ಹೆಕ್ಕುವ ಹೆಂಗಸರು. ಮೇಲಿನ ಕೆಸರು ಕಂದು, ಕೈ ಹಾಕಿ ಒಳಗಿನದನ್ನು ತೆಗೆದರೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನನ್ನ ಮಗ ಮೂಗು ಮುಚ್ಚಿಕೊಂಡು ಇದೇನು ಅಂತ ಕೇಳಿದ. ಮೇಷ್ಟ್ರು, "ತಮಾ, ಮೊದಲು ಮುಟ್ಟಿ ನೋಡು, ಹೆಸರು ಆಮೇಲೆ" ಅಂದರು. ಒಳಗೆ ಗಾಳಿ ಹೋಗುವುದಿಲ್ಲ, ಅದಕ್ಕೇ ಸತ್ತ ಪಾಚಿ, ಎಲೆ, ಸಣ್ಣ ಜೀವಿಗಳು ಪೂರ್ತಿ ಕೊಳೆಯದೆ ಉಳಿಯುತ್ತವೆ ಅನ್ನುವ ತನಕ ಅವನನ್ನೇ ಕೇಳಿ ಕೇಳಿ ಕರೆದುಕೊಂಡು ಹೋದರು. ಇಂಥದೇ ಕೆಸರು ಸಮುದ್ರದ ತಳದಲ್ಲಿ ಹೂತು, ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿದು, ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆ ಹುಟ್ಟುತ್ತದೆ. ಡೈನೋಸಾರ್ ಕರಗಿ ಪೆಟ್ರೋಲ್ ಆಯಿತು ಅನ್ನುವ ಮಾತು ಅವನ ತಲೆಯಿಂದ ಅಲ್ಲೇ ಹೋಯಿತು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಎಲ್ಲೂ ಅಣೆಕಟ್ಟಿಲ್ಲದೆ ಬರುವ ನದಿ ಇದು, 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮನ್ನಣೆಯೂ ಸಿಕ್ಕಿದೆ. ಆದರೆ ಇಲ್ಲಿಯ ಕೆಸರಿಗೆ ಇಷ್ಟು ಬೆಲೆ ಇದೆ ಅಂತ ನನಗೆ ಯಾವ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ.

ಮಿರ್ಜಾನ್ ಕೋಟೆಯದು ಪೂರ್ತಿ ಚಿರೇಕಲ್ಲು, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಗೋಡೆಗೆ ಸುತ್ತಿಗೆ ತಾಗಿಸುವುದಿಲ್ಲ, ತಮ್ಮದೇ ಕಲ್ಲುಗಳನ್ನು ಚೀಲದಲ್ಲಿ ತಂದಿರುತ್ತಾರೆ. ಒಂದು ಚಿರೇಕಲ್ಲು, ಒಂದು ಕಗ್ಗಲ್ಲು, ಒಂದು ಮುದ್ದೆ ಜೇಡಿಮಣ್ಣು. ಮೂರರ ಮೇಲೂ ನೀರು ಹೊಯ್ಯುತ್ತಾರೆ. ಚಿರೇಕಲ್ಲು ಕುಡಿದುಬಿಡುತ್ತದೆ, ಕಗ್ಗಲ್ಲಿನ ಮೇಲಿಂದ ಜಾರಿ ಹೋಗುತ್ತದೆ, ಜೇಡಿಯ ಮೇಲೆ ನಿಲ್ಲುತ್ತದೆ. ನೆಲದೊಳಗೆ ಎಣ್ಣೆಯ ಕೆರೆ ಇರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಎಣ್ಣೆ ಕೂತಿರುತ್ತದೆ, ಮೇಲೆ ಜೇಡಿಯಂಥ ಪದರ ಬೋರಲು ಹಾಕಿದ ಬಟ್ಟಲಿನ ಹಾಗೆ ಮುಚ್ಚಿದ್ದರೆ ಮಾತ್ರ ಅಲ್ಲೇ ಉಳಿಯುತ್ತದೆ. ಇಷ್ಟು ಹೇಳಲು ಪುಸ್ತಕದಲ್ಲಿ ಎಷ್ಟು ಪುಟ ಬೇಕಾಗುತ್ತದೆ, ಅಲ್ವಾ? ಚಿರೇಕಲ್ಲಿನಲ್ಲಿ ತೋಡಿದ ಬಾವಿ ಮಳೆ ನಿಂತ ಮೇಲೆ ಯಾಕೆ ಬೇಗ ಇಳಿಯುತ್ತದೆ ಅನ್ನುವುದೂ ಇದರಲ್ಲೇ ತಿಳಿಯಿತು.

ಜಗಲಿಯ ಸಂಜೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಅವರು ಧಾರವಾಡದಲ್ಲಿ ಓದಿದವರು. ಕೆಲಸ ಗುಜರಾತಿನ ಅಂಕಲೇಶ್ವರದಲ್ಲಿ, ಅಸ್ಸಾಮಿನಲ್ಲಿ, ಆಮೇಲೆ ಬಾಂಬೆ ಹೈನಲ್ಲಿ. 1974ರಲ್ಲಿ ಸಾಗರ್ ಸಮ್ರಾಟ್ ಅನ್ನುವ ರಿಗ್ (ಸಮುದ್ರದಲ್ಲಿ ಬಾವಿ ಕೊರೆಯುವ ಕಟ್ಟೆ) ಎಣ್ಣೆ ಕಂಡ ಜಾಗ ಅದು, ಮುಂಬೈಯಿಂದ ಸುಮಾರು 160 ಕಿ.ಮೀ. ದೂರ ಸಮುದ್ರದಲ್ಲಿ. 14 ದಿನ ರಿಗ್, 14 ದಿನ ರಜೆ. ಡ್ರಿಲ್ ಕೊರೆದ ಕಲ್ಲಿನ ಚೂರು, ಕೊರೆಯುವಾಗ ಬಾವಿಯೊಳಗೆ ಹಾಯಿಸುವ ಕೆಸರಿನ ಜೊತೆ ಮೇಲೆ ಬರುತ್ತದೆ, ಅದನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ನೇರಳಾತೀತ ದೀಪದ ಕೆಳಗೆ ಹಿಡಿಯಬೇಕು, ಎಣ್ಣೆ ಇದ್ದರೆ ಹೊಳೆಯುತ್ತದೆ. ಹೊಸ ಜಾಗದಲ್ಲಿ ಕೊರೆದ ಬಾವಿಗಳಲ್ಲಿ ಜಾಸ್ತಿಯವು ಖಾಲಿಯೇ. ಖಾಲಿ ಬಾವಿಯ ಕತೆಯನ್ನೂ ಅವರು ಅಷ್ಟೇ ಪ್ರೀತಿಯಿಂದ ಹೇಳುತ್ತಾರೆ, ಯಾಕೆ ಖಾಲಿಯಾಯಿತು ಅಂತ ಮಕ್ಕಳಿಂದಲೇ ಊಹೆ ಮಾಡಿಸುತ್ತಾರೆ. ರಜೆಯಲ್ಲಿ ಮನೆಯಲ್ಲಿ ಕೂತವರಲ್ಲ, ಕಛ್, ಸ್ಪಿತಿ, ಮೇಘಾಲಯ ಅಂತ ಸುತ್ತಿದ್ದಾರೆ. ಹೋದ ಊರಿನ ಶಾಲೆಯಲ್ಲಿ ಒಂದು ಗಂಟೆ ಪಾಠ ಮಾಡಿಯೇ ಬರುತ್ತಿದ್ದರಂತೆ.

ನಮ್ಮ ಘಟ್ಟದ ಬುಡದ ಗಟ್ಟಿ ಬಂಡೆಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕ ಸುಣ್ಣದ ಕಲ್ಲಿಗೆ ಬರೀ 2 ಕೋಟಿ ಚಿಲ್ಲರೆ. ಎರಡೂ ಚೂರನ್ನು ಒಂದೊಂದು ಕೈಯಲ್ಲಿ ಇಟ್ಟು ಲೆನ್ಸ್ ಕೊಡುತ್ತಾರೆ. ನಮ್ಮ ಗಟ್ಟಿ ಬಂಡೆಯಲ್ಲಿ ಎಣ್ಣೆ ಹುಟ್ಟುವ ಕೆಸರೂ ಇಲ್ಲ, ಅದು ಕೂರುವ ತೂತೂ ಇಲ್ಲ. ಇಲ್ಲಿ ಎಣ್ಣೆ ಯಾಕಿಲ್ಲ ಅಂತ ಆಮೇಲೆ ಯಾರೂ ಕೇಳಲಿಲ್ಲ. ನಮ್ಮ ಕರಾವಳಿಯಾಚೆ ಸಮುದ್ರದೊಳಗೆ ಕೇರಳ-ಕೊಂಕಣ ಬೇಸಿನ್ ಅನ್ನುವ, ಕೆಸರು-ಮರಳು ಪದರ ಪದರವಾಗಿ ತುಂಬಿದ ತಗ್ಗಿನಲ್ಲಿ ಕೊರೆದಿದ್ದಾರೆ, ಲಾಭಕ್ಕೆ ತೆಗೆಯುವಷ್ಟು ಇನ್ನೂ ಸಿಕ್ಕಿಲ್ಲ.

ಕೊರತೆಗಳೂ ಇವೆ. ವ್ಯಾನ್ ಸಣ್ಣದು, ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಆಗುವುದಿಲ್ಲ. ಊಟ ತುಂಬಾ ತಡ. ಪ್ರಶ್ನೆ ಬಂದರೆ ಮೇಷ್ಟ್ರಿಗೆ ಗಡಿಯಾರ ಕಾಣುವುದಿಲ್ಲ, ಹಾಗಾಗಿ ಸಣ್ಣ ಮಕ್ಕಳು ಹಸಿದು ಕಿರಿಕಿರಿ ಮಾಡಿದರು. ಕೆಸರಿಗೆ ಇಳಿಯಬೇಕು ಅಂತ ಬುಕಿಂಗ್ ಮೆಸೇಜಿನಲ್ಲಿ ಮೊದಲೇ ಹೇಳಬೇಕಿತ್ತು. ಮಂಡಿನೋವಿನ ಹಿರಿಯರಿಗೆ ಅಳಿವೆಯ ಭಾಗ ಕಷ್ಟ, ಅವರು ನೇರ ಕೋಟೆಗೆ ಬರಬಹುದು.

ಶುರುವಾಗುವ ಹೊತ್ತು ಭರತ-ಇಳಿತ ನೋಡಿ ಬದಲಾಗುತ್ತದೆ, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಮಳೆಗಾಲದಲ್ಲಿ ನಡೆಸುವುದಿಲ್ಲ. ಹಳೇ ಚಪ್ಪಲಿ, ಇನ್ನೊಂದು ಜೊತೆ ಬಟ್ಟೆ, ಮಕ್ಕಳಿಗೆ ಬಿಸ್ಕೆಟ್ ಇಟ್ಟುಕೊಳ್ಳಿ. ಸರಕಾರಿ ಶಾಲೆಯ ಮಕ್ಕಳು ಬಂದರೆ ದುಡ್ಡು ತೆಗೆದುಕೊಳ್ಳುವುದಿಲ್ಲ, ನಿಮ್ಮೂರಿನ ಶಾಲೆಯ ಮೇಷ್ಟ್ರಿಗೆ, ಅಕ್ಕೋರಿಗೆ ಇದನ್ನು ದಯವಿಟ್ಟು ತಿಳಿಸಿ.