ಮೋಟಾರ್ ಇಳಿಸುವ ಮೊದಲು ರಿಲೇ ಕೇಳಿದ ಅಂಗಡಿ: ಕಪನೂರಿನ ವೈಂಡಿಂಗ್ ಉಸ್ತಾದರ ಕೆಲಸ ಹೆಂಗದ?

ಜನವರಿಯಿಂದ ಮಾರ್ಚ್‌ವರೆಗೆ ದಾಲ್ ಮಿಲ್ಲಿನಲ್ಲಿ ಒಂದು ಮೋಟಾರ್ ನಿಂತರೆ ಏನಾಗುತ್ತದೆ ಅಂತ ಕಲಬುರಗಿಯವರಿಗೆ ಹೇಳಬೇಕಿಲ್ಲ. ನೆಹರು ಗಂಜ್‌ನಿಂದ ಹೊಸ ತೊಗರಿ ಬಂದು ಬಿದ್ದಿರುತ್ತದೆ, ಎಣ್ಣೆ ಹಚ್ಚಿ ಒಣಗಿಸಿದ ಮಾಲು ಅಂಗಳದಲ್ಲಿ ಕಾಯುತ್ತಿರುತ್ತದೆ, ಹಮಾಲರು ಗೋಡೆಗೆ ಒರಗಿ ಕೂತಿರುತ್ತಾರೆ. ಹೋದ ಹಂಗಾಮಿನಲ್ಲಿ ನಮ್ಮ ಎರಡನೇ ರೋಲರಿನ 10 ಎಚ್‌ಪಿ ಮೋಟಾರ್ ಐವತ್ತು ದಿನದೊಳಗೆ ಮೂರು ಸಲ ಸುಟ್ಟಿತು. ಮೊದಲೆರಡು ಸಲ ಯಾವಾಗಲೂ ಕೊಡುವ ಕಡೆಯೇ ಕೊಟ್ಟೆವು. ರಾತ್ರೋರಾತ್ರಿ ಹೊಸ ತಂತಿ ಸುತ್ತಿ ಕಟ್ಟಿ ಕೊಟ್ಟರು, ಯಾಕೆ ಸುಟ್ಟಿತು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಮಿಲ್ಲಿನಲ್ಲಿ 19 ವರ್ಷದಿಂದ ಫಿಟ್ಟರ್ ಆಗಿದ್ದೇನೆ. ಮೋಟಾರ್ ಅಂದಮೇಲೆ ಸುಡುತ್ತದೆ, ಕಟ್ಟಿಸಬೇಕು, ಇಷ್ಟೇ ಅಂದುಕೊಂಡಿದ್ದೆ. ಮೂರನೇ ಸಲ ಪಕ್ಕದ ಮಿಲ್ಲಿನವರು ಹೇಳಿದ್ದಕ್ಕೆ ಕಪನೂರ ಕೈಗಾರಿಕಾ ಪ್ರದೇಶದ ಒಳಗಿನ ಈ ಉಸ್ತಾದರ ಅಂಗಡಿಗೆ ಹೋದೆ.

ಅಂಗಡಿಗೆ ಬೋರ್ಡ್ ಇಲ್ಲ. ಹುಮನಾಬಾದ್ ರಸ್ತೆ ಬಿಟ್ಟು ಒಳಗೆ ಬಂದು ಯಾರನ್ನಾದರೂ ವೈಂಡಿಂಗ್ ಉಸ್ತಾದ್ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಶಹಾಬಾದ್ ಫರ್ಶಿ ಹಾಸಿದ ಎರಡು ಕೋಣೆ, ಹಿಂದೆ ಒಂದು ಓವನ್, ಗೋಡೆಗೆ ತಾಮ್ರದ ತಂತಿಯ ಸುರುಳಿಗಳು. ನಾನು ಆಟೊದಿಂದ ಮೋಟಾರ್ ಇಳಿಸಲು ಹೋದರೆ ಉಸ್ತಾದರು ಕೈ ಅಡ್ಡ ಹಿಡಿದರು.

"ಇಳಿಸಬ್ಯಾಡ್ರಿ ಮಿಸ್ತ್ರಿ. ಮೊದ್ಲ ಹೇಳ್ರಿ, ಸ್ಟಾರ್ಟರಿನ್ಯಾಗ ರಿಲೇ ಎಷ್ಟಕ್ಕ ಇಟ್ಟೀರಿ?" ರಿಲೇ ಅಂದರೆ ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಭಾಗ.

"ಹದಿನಾಲ್ಕಕ್ಕ ರೀ."

"ಯಾಕ ಹದಿನಾಲ್ಕು?"

"ಪ್ಲೇಟಿನ ಮ್ಯಾಲ ಹದಿನಾಲ್ಕೂವರೆ ಆಂಪ್ ಅದ."

"ಸ್ಟಾರ್ ಡೆಲ್ಟಾ ಅದನೋ, ಡೈರೆಕ್ಟ್ ಅದನೋ?"

ಸ್ಟಾರ್ ಡೆಲ್ಟಾ ಅಂದೆ, ಅಂದರೆ ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಎಬ್ಬಿಸಿ ಆಮೇಲೆ ತ್ರಿಕೋನದಂಥ ಡೆಲ್ಟಾ ಜೋಡಣೆಗೆ ಹಾಕುವ ಸ್ಟಾರ್ಟರ್. ಅವರು ಒಂದು ಕಾಗದ ತೆಗೆದುಕೊಂಡು ತ್ರಿಕೋನ ಬರೆದರು. ನಮ್ಮ ಸ್ಟಾರ್ಟರಿನಲ್ಲಿ ರಿಲೇ ಕೂತಿರುವುದು ತ್ರಿಕೋನದ ಒಳಗೆ. ಹೊರಗಿನ ಲೈನಿನಲ್ಲಿ 14.5 ಆಂಪ್ ಹರಿದರೆ ಒಳಗೆ ಹರಿಯುವುದು ಅದರ 0.58 ಪಾಲು ಮಾತ್ರ, ಅಂದರೆ 8.4 ಆಂಪ್. ರಿಲೇ ಅಲ್ಲಿಗೆ ಇರಬೇಕಿತ್ತು. ಹಿಂದಿನ ವರ್ಷ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಸ್ಕ್ರೂಡ್ರೈವರಿನಿಂದ ಹದಿನಾಲ್ಕಕ್ಕೆ ತಿರುಗಿಸಿದವನು ನಾನೇ. ಮೋಟಾರ್ ಕೂಗಿ ಕೂಗಿ ಹೇಳುತ್ತಿದ್ದ ಬೇನೆಯ ಬಾಯಿ ಮುಚ್ಚಿಸಿದ್ದೆ. ಆ ದಿನ ನನಗೆ ಬಹಳ ಕೆಟ್ಟನಿಸಿತು, ಈಗಲೂ ಅನಿಸುತ್ತದೆ.

ಆಮೇಲೆ ನನ್ನೆದುರಿಗೇ ಕವರ್ ಬಿಚ್ಚಿದರು. ಕಾಯಿಲ್‌ಗಳು ಸುತ್ತಲೂ ಒಂದೇ ಸಮ ಕರ್ರಗಾಗಿದ್ದರೆ ಅದು ಓವರ್‌ಲೋಡ್. ನಮ್ಮದರಲ್ಲಿ ಸಮ ಅಂತರದಲ್ಲಿ ನಾಲ್ಕು ಕಡೆ ಮಾತ್ರ ಕರಿ, ನಡುವಿನ ಕಾಯಿಲ್‌ಗಳು ಹೊಸದರಂತೆ ಹೊಳೆಯುತ್ತಿದ್ದವು. ನಾಲ್ಕು ಪೋಲ್ ಮೋಟಾರ್ ಡೆಲ್ಟಾದಲ್ಲಿ ಓಡುವಾಗ ಒಂದು ಲೈನ್ ಹೋದರೆ ಒಂದೇ ಫೇಸಿನ ಕಾಯಿಲ್‌ಗಳ ಮೇಲೆ ಭಾರ ಬೀಳುತ್ತದೆ, ಸುಡುವುದು ಅದೊಂದೇ. ಸ್ಟಾರ್ ಕಟ್ಟಿದ ಮೋಟಾರ್ ಆದರೆ ತಿರುವುಮುರುವು: ಎರಡು ಫೇಸ್ ಸುಟ್ಟು ಒಂದು ಉಳಿಯುತ್ತದೆ. ಇದನ್ನು ನೋಡಲು ಯಾವ ಯಂತ್ರವೂ ಬೇಡ, ಕಣ್ಣು ಸಾಕು. 19 ವರ್ಷದಲ್ಲಿ ನಾನು ಎಷ್ಟೋ ಸುಟ್ಟ ಮೋಟಾರ್ ಹೊತ್ತಿದ್ದೇನೆ, ಒಂದರ ಹೊಟ್ಟೆಯೊಳಗೂ ಹೀಗೆ ನೋಡಿರಲಿಲ್ಲ.

"ಹೊಸಾದು ಹಾಕಿದ್ರೂ ಅದೂ ಸುಡ್ತದ. ನಾಳೆ ಮುಂಜಾನೆ ಮಿಲ್ಲಿಗಿ ಬರ್ತೀವಿ" ಅಂದರು. ಬಂದರು ಕೂಡ. ಬಂದದ್ದು ಅವರು ಮತ್ತು ಅವರ ಮಗಳು. ಆಕೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಅಂಗಡಿಯ ಹುಡುಗರಿಗೆಲ್ಲ ಆಪಾ, ನನ್ನನ್ನು ಕಾಕಾ ಅನ್ನುತ್ತಾಳೆ. ಮಿಲ್ ಓಡುತ್ತಿರುವಾಗಲೇ ಮೇನ್ ಪ್ಯಾನೆಲ್ಲಿನ ಫ್ಯೂಸುಗಳಿಗೆ ದೂರದಿಂದ ಶಾಖ ಅಳೆಯುವ ಗನ್ ಹಿಡಿದಳು. ಎರಡು ಫೇಸ್ 48 ಡಿಗ್ರಿ ಆಸುಪಾಸು, ಮೂರನೆಯದು 91. ಫ್ಯೂಸ್ ಕೂಡುವ ಹಿತ್ತಾಳೆಯ ಹಿಡಿ ಸಡಿಲವಾಗಿ, ಕಾದು, ಬಣ್ಣ ತಿರುಗಿತ್ತು. ಮಿಲ್ ಅದುರಿದಾಗಲೆಲ್ಲ ಆ ಫೇಸ್ ಬಿಟ್ಟುಹೋಗಿ ಮತ್ತೆ ಕೂಡುತ್ತಿತ್ತು. ಮೂರು ಮೋಟಾರಿನ ದುಡ್ಡು ತಿಂದದ್ದು ಆ ಒಂದು ಹಿಡಿ.

ಇನ್ನು ಮೋಟಾರ್ ವಿಷಯ. ಈ ಅಂಗಡಿಗೆ ನಾನು ಮನಸಾರೆ ಒಳ್ಳೆಯ ಮಾತು ಬರೆಯುತ್ತಿರುವುದು ಇದಕ್ಕಾಗಿಯೇ. ಅವರು ನಮ್ಮ ಮೋಟಾರ್ ಕಟ್ಟಲಿಲ್ಲ. ಹಿಂದಿನ ಎರಡು ಸಲ ಹಳೇ ತಂತಿ ತೆಗೆಯಲು ಗ್ಯಾಸ್ ಬತ್ತಿಯಿಂದ ಸುಟ್ಟಿದ್ದರು, ಸ್ಟಾಂಪಿಂಗ್ ನೀಲಿಗಟ್ಟಿತ್ತು. ಕಾಯಿಲ್ ಕೂರುವ ಸ್ಟೇಟರ್ ಅಂದರೆ ಸ್ಟಾಂಪಿಂಗ್ ಅನ್ನುವ ತೆಳು ತಗಡುಗಳ ಕಟ್ಟು; ಒಂದೊಂದು ತಗಡಿನ ನಡುವೆಯೂ ಇನ್ಸುಲೇಷನ್ ಇರುತ್ತದೆ. ಓವನ್ನಿನಲ್ಲಿ ಸುಟ್ಟರೂ 370 ಡಿಗ್ರಿ ದಾಟಬಾರದು, ದಾಟಿದರೆ ಆ ಪದರ ಹೋಗಿ ಈ ಕಟ್ಟು, ಅಂದರೆ ಕೋರ್, ತಾನಾಗೇ ಕಾಯುತ್ತದೆ. ಉಸ್ತಾದರು ಖಾಲಿ ಸ್ಟೇಟರಿಗೆ ಕೇಬಲ್ ಸುತ್ತಿ ಕರೆಂಟ್ ಕೊಟ್ಟು ಇಟ್ಟರು. ಇಪ್ಪತ್ತು ನಿಮಿಷಕ್ಕೆ ಒಂದು ಮಗ್ಗುಲು ಕೈ ಇಡಲಾಗದಷ್ಟು ಕಾದಿತ್ತು. "ಇದಕ್ಕ ಮತ್ತ ರೊಕ್ಕ ಹಾಕಬ್ಯಾಡ್ರಿ, ಹೊಸಾದು ತಗೋರಿ" ಅಂತ ಹೇಳಿ ಟೆಸ್ಟಿಗೆ 800 ರೂಪಾಯಿ ಮಾತ್ರ ತೆಗೆದುಕೊಂಡರು. ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವ ಅಂಗಡಿಯನ್ನು ನಾನು ನೋಡಿಲ್ಲ.

ಸಾವುಕಾರರು ಹೊಸದು ಅಂದಾಗ ಮುಖ ಸಣ್ಣ ಮಾಡಿದರು. ಆ ಹುಡುಗಿಯೇ ಲೆಕ್ಕ ಹಾಕಿ ತೋರಿಸಿದಳು. 7.5 ಕಿಲೋವ್ಯಾಟ್, ಅಂದರೆ 10 ಎಚ್‌ಪಿಯ, ನಾಲ್ಕು ಪೋಲ್ ಮೋಟಾರಿಗೆ ಐಇ2 ದರ್ಜೆಯ ದಕ್ಷತೆ ಶೇ. 88.7, ಐಇ3 ಆದರೆ ಶೇ. 90.4. ದಿನಕ್ಕೆ 16 ತಾಸು ಪೂರಾ ಲೋಡಿನಲ್ಲಿ ಓಡಿಸಿದರೆ ಎರಡೂವರೆ ಯೂನಿಟ್ ಉಳಿತಾಯ. ಇದು ಹೊಸದಕ್ಕೂ ಹೊಸದಕ್ಕೂ ಇರುವ ಫರಕು, ಕೋರ್ ಸುಟ್ಟ ನಮ್ಮ ಹಳೆಯದು ಇನ್ನೂ ಹೆಚ್ಚು ತಿನ್ನುತ್ತಿತ್ತು. ಐಇ3 ತಂದೆವು.

ಅಂದಿನಿಂದ ಅವರು ತಿಂಗಳಿಗೊಮ್ಮೆ ಮಿಲ್ಲಿಗೆ ಬಂದು ಹನ್ನೊಂದು ಮೋಟಾರನ್ನೂ ನೋಡುತ್ತಾರೆ. ಒಂದು ಭೇಟಿಗೆ 1,500 ರೂಪಾಯಿ. ಪ್ರತಿ ಮೋಟಾರಿಗೂ ವಹಿಯಲ್ಲಿ ಒಂದು ಪುಟ: ಮೂರೂ ಫೇಸಿನ ಆಂಪ್, ಬೇರಿಂಗಿನ ಶಾಖ, ಅದುರು. ಅದುರು ಅಳೆಯಲು ಪೆನ್ನಿನಂಥ ಒಂದು ಮೀಟರ್ ಇದೆ. 15 ಕಿಲೋವ್ಯಾಟ್‌ವರೆಗಿನ ಸಣ್ಣ ಯಂತ್ರಕ್ಕೆ ಸೆಕೆಂಡಿಗೆ 1.8 ಮಿ.ಮೀ. ಒಳಗಿದ್ದರೆ ನಡೆಯುತ್ತದೆ, 4.5 ದಾಟಿದರೆ ಓಡಿಸಬಾರದು. ನಮ್ಮ ಎಲಿವೇಟರ್ ಮೋಟಾರ್ 5.1 ತೋರಿಸಿತು. ಎರಡು ಪುಲ್ಲಿಗೂ ದಾರ ಹಿಡಿದು ನೋಡಿದರೆ ಒಂದು ಬೆರಳಿನಷ್ಟು ಸೊಟ್ಟ. ಸರಿ ಮಾಡಿದ ಮೇಲೆ 1.6ಕ್ಕೆ ಇಳಿಯಿತು. ಬೆಲ್ಟು ಸಹ ವೀಣೆಯ ತಂತಿಯಂತೆ ಬಿಗಿದಿದ್ದೆವು; ಜಾರಬಾರದು ಅಂತ. ಎರಡು ಪುಲ್ಲಿಯ ನಡುವಿನ ಒಂದು ಮೀಟರ್ ಅಂತರಕ್ಕೆ ಬೆಲ್ಟು ಒತ್ತಿದರೆ 16 ಮಿ.ಮೀ. ತಗ್ಗಬೇಕಂತೆ. ಅತಿ ಬಿಗಿ ಬೆಲ್ಟು ಮೊದಲು ಪುಲ್ಲಿ ಕಡೆಯ ಬೇರಿಂಗ್ ತಿನ್ನುತ್ತದೆ.

ಗ್ರೀಸ್ ವಿಷಯದಲ್ಲಿ ನಮ್ಮ ಹುಡುಗರು ಹೊರಗೆ ಉಕ್ಕುವವರೆಗೆ ಹೊಡೆಯುತ್ತಿದ್ದರು. ಗ್ರೀಸ್ ಹೆಚ್ಚಾದರೂ ಬೇರಿಂಗ್ ಕಾಯುತ್ತದೆ ಅಂತ ಗೊತ್ತಿರಲಿಲ್ಲ. ಬೇರಿಂಗಿನ ಹೊರವ್ಯಾಸವನ್ನು ಅಗಲದಿಂದ ಗುಣಿಸಿ 0.005ರಿಂದ ಮತ್ತೆ ಗುಣಿಸಿದರೆ ಎಷ್ಟು ಗ್ರಾಂ ಅಂತ ಬರುತ್ತದೆ. 6308 ಬೇರಿಂಗ್ ಆದರೆ 90 ಮತ್ತು 23 ಮಿ.ಮೀ., ಅಂದರೆ ಹತ್ತು ಗ್ರಾಂ ಚಿಲ್ಲರೆ. ನಮ್ಮ ಗ್ರೀಸ್ ಗನ್ನಿನ ಹತ್ತು ಒತ್ತು ಕಾಗದದ ಮೇಲೆ ಬಿಟ್ಟು ತೂಗಿದೆವು: 12 ಗ್ರಾಂ. ಈಗ ಗೋಡೆಯ ಮೇಲೆ ಬರೆದಿದೆ, ಒಂಬತ್ತು ಒತ್ತು.

ಬೇಸಿಗೆಯ ಮಾತೊಂದು ಎಲ್ಲಾ ಮಿಲ್ಲಿನವರೂ ಕೇಳಬೇಕು. ಮೋಟಾರಿನ ಎಚ್‌ಪಿ ಲೆಕ್ಕ ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗಿನದು. ನಮ್ಮ ಮೇ ತಿಂಗಳಲ್ಲಿ ಊರೇ 42 ದಾಟುತ್ತದೆ, ತಗಡಿನ ಶೆಡ್ಡಿನ ಒಳಗೆ ಇನ್ನೂ ಜಾಸ್ತಿ. ಅದರ ಮೇಲೆ ತೊಗರಿ ಹೊಟ್ಟಿನ ಧೂಳು ಎಣ್ಣೆ ಕೂಡಿ ಮೋಟಾರಿನ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂಡುತ್ತದೆ. ವೈಂಡಿಂಗ್ ಹತ್ತು ಡಿಗ್ರಿ ಹೆಚ್ಚು ಕಾದರೆ ಇನ್ಸುಲೇಷನ್ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕಸುಬಿನ ಹಳೇ ಲೆಕ್ಕ. ಈಗ ಪ್ರತಿ ಶನಿವಾರ ಸಂಜೆ ಬ್ರಷ್ ಹಿಡಿದು ರೆಕ್ಕೆ ಸ್ವಚ್ಛ ಮಾಡುತ್ತೇವೆ. ಖರ್ಚು ಏನೂ ಇಲ್ಲ.

ಅವರಿಂದ ಕಟ್ಟಿಸಿದ್ದು ಒಂದೇ, ಎಲಿವೇಟರಿನ 5 ಎಚ್‌ಪಿ. ಬೇರೆ ಕಡೆಗಿಂತ 900 ರೂಪಾಯಿ ಹೆಚ್ಚಾಯಿತು. ಹಳೇ ತಂತಿಯ ದಪ್ಪ ಮೈಕ್ರೋಮೀಟರಿನಿಂದ ಅಳೆದು, ಸುತ್ತು ಎಣಿಸಿ ಬರೆದುಕೊಂಡ ಮೇಲೇ ಕತ್ತರಿಸುತ್ತಾರೆ. ವಾರ್ನಿಷ್ ಬ್ರಷ್‌ನಿಂದ ಹಚ್ಚದೆ ಎರಡು ಸಲ ಅದ್ದಿ ಓವನ್ನಿಗೆ ಇಡುತ್ತಾರೆ. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿಯುವುದಿಲ್ಲ, ಹೀಟರಿನಲ್ಲಿ 110 ಡಿಗ್ರಿಗೆ ಕಾಯಿಸಿ ಕೈಗವಸಿನಿಂದ ಸರಿಸುತ್ತಾರೆ.

ಕೊರತೆಯೂ ಇವೆ. ನಿಧಾನ: ಆ 5 ಎಚ್‌ಪಿಗೆ ನಾಲ್ಕು ದಿನ ಹಿಡಿಯಿತು, ಹಂಗಾಮಿನಲ್ಲಿ ನಾಲ್ಕು ದಿನ ಅಂದರೆ ಹೊಟ್ಟೆಯಲ್ಲಿ ಬೆಂಕಿ. ಬದಲಿಗೆ ತಾತ್ಕಾಲಿಕ ಮೋಟಾರ್ ಕೊಡುವ ಪದ್ಧತಿ ಇಲ್ಲ, ಇಟ್ಟರೆ ಬಹಳ ಜನಕ್ಕೆ ಅನುಕೂಲ. ಎತ್ತುವ ಚೈನ್ ಬ್ಲಾಕ್ ಸಣ್ಣದು, 30 ಎಚ್‌ಪಿ ಮೇಲಿನದು ಒಯ್ಯಬೇಡಿ. ಟೆಸ್ಟ್ ಮಾಡಿದ ಅಂಕಿಗಳನ್ನು ಕೇಳಿದರೆ ಮಾತ್ರ ಬರೆದು ಕೊಡುತ್ತಾರೆ. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ರೀಡಿಂಗ್ ಬಿಲ್ಲಿನ ಮೇಲೇ ಇರಬೇಕು ಅಂತ ನಾನು ಆ ಹುಡುಗಿಗೆ ಎರಡು ಸಲ ಹೇಳಿದ್ದೇನೆ. ಹೋಳಿ ಆದಮೇಲಿನ ಅಪ್ಪನ (ಶರಣಬಸವೇಶ್ವರರ) ಜಾತ್ರೆಗೆ ಹುಡುಗರೆಲ್ಲ ಹೋಗುವುದರಿಂದ ಎರಡು ದಿನ ಕೆಲಸ ನಿಲ್ಲುತ್ತದೆ, ಅದಕ್ಕಿಂತ ಮೊದಲೇ ಮುಗಿಸಿಕೊಳ್ಳಿ.

ಹೋಗುವವರು ಬರೀ ಮೋಟಾರ್ ಒಯ್ಯಬೇಡಿ. ಸ್ಟಾರ್ಟರ್ ಬಾಗಿಲು ತೆಗೆದು ರಿಲೇಯ ಮುಳ್ಳು ಕಾಣುವಂತೆ ಒಂದು ಫೋಟೊ, ಪ್ಯಾನೆಲ್ಲಿನ ಫೋಟೊ ಒಂದು, ಹಳೇ ಬೆಲ್ಟು, ಸಾಧ್ಯವಾದರೆ ಪುಲ್ಲಿ. ಅವರು ಕೇಳುವುದು ಅವನ್ನೇ. ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡೂವರೆವರೆಗೆ ಬಾಗಿಲು ಹಾಕಿರುತ್ತದೆ.