ಆರು ಇಂಚಿನ ಟೆಲಿಸ್ಕೋಪ್, ಪೆರ್ಲದ ಅಂಗಳ, ಸಾರಾಭಾಯಿ ಹೊಂಡ

ನಾನು ಈ ಟೆಲಿಸ್ಕೋಪ್ ತೆಗೆದುಕೊಂಡದ್ದು ಒಂದೇ ಕಾರಣಕ್ಕೆ. ಚಂದ್ರನ ಮೇಲೆ ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಹೆಸರಿನ ಒಂದು ಸಣ್ಣ ಕುಳಿ ಉಂಟು, ಅದು ಕಾಸರಗೋಡಿನ ಪೆರ್ಲದ ನಮ್ಮ ಮನೆ ಅಂಗಳದಿಂದ ಕಾಣಬೇಕು. ಶನಿಯ ಬಳೆ, ಗುರುವಿನ ಚಂದ್ರರು ಎಲ್ಲ ಮೇಲಿನ ಲಾಭ. ಅಮ್ಮನಿಗೆ ವಿಷಯ ಹೇಳಿದಾಗ "ಇಷ್ಟು ದುಡ್ಡು ಕೊಟ್ಟು ಹೊಂಡ ನೋಡ್ಲಿಕ್ಕಾ? ನಮ್ಮ ರಸ್ತೆಯಲ್ಲೇ ಬೇಕಾದಷ್ಟು ಉಂಟಲ್ಲ" ಎಂದರು.

ಸಾಮಾನು ಇಷ್ಟು. 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್, ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ, 1200 ಮಿ.ಮೀ. ಮೋಟಾರ್ ಇಲ್ಲ, ಆ್ಯಪ್ ಇಲ್ಲ, ಪೀಠದ ಮೇಲೆ ಕೂತ ಕೊಳವೆಯನ್ನು ಕೈಯಲ್ಲಿ ತಳ್ಳಿ ತಿರುಗಿಸಬೇಕು. ಕಣ್ಣಿಟ್ಟು ನೋಡುವ ಲೆನ್ಸ್, ಅಂದರೆ ಐಪೀಸ್, ಎರಡು, 25 ಮತ್ತು 10 ಮಿ.ಮೀ.ನವು, ಜೊತೆಗೆ ಚಿತ್ರವನ್ನು ಇನ್ನೂ ದೊಡ್ಡದು ಮಾಡುವ ಒಂದು ಬಾರ್ಲೋ ಲೆನ್ಸ್. 32 ಸಾವಿರ ರೂಪಾಯಿ ಆಯಿತು. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ದೂರುಗಳಿವೆ.

ಮೊದಲ ದೂರು ಡಬ್ಬದ ಮೇಲೆಯೇ ಇದೆ. "450 ಪಟ್ಟು ದೊಡ್ಡದಾಗಿ ಕಾಣುತ್ತದೆ" ಅಂತ ದಪ್ಪ ಅಕ್ಷರ. ಸುಮ್ನೆ ಸುಳ್ಳು. ಕನ್ನಡಿಯ ಮಿಲಿಮೀಟರನ್ನು ಎರಡರಿಂದ ಗುಣಿಸಿ, ಅದೇ ಮಿತಿ, ಅಂದರೆ 300. ಅದೂ ಗಾಳಿ ಅಲುಗದೆ ನಿಂತ ರಾತ್ರಿಗೆ. ನಮ್ಮಲ್ಲಿ ಹೆಚ್ಚಿನ ದಿನ 200 ದಾಟಿದರೆ ಚಂದ್ರ ತೋಡಿನ ನೀರಿನಡಿಯ ಕಲ್ಲಿನ ಹಾಗೆ ನಡುಗುತ್ತಾನೆ. 10 ಮಿ.ಮೀ. ಐಪೀಸ್ ಹಾಕಿದರೆ 1200ನ್ನು 10ರಿಂದ ಭಾಗಿಸಿ 120 ಪಟ್ಟು ಸಿಗುತ್ತದೆ, ನನ್ನ ಕೆಲಸಕ್ಕೆ ಅಷ್ಟು ಸಾಕು. ಬಾರ್ಲೋ ಡಬ್ಬದಲ್ಲೇ ಮಲಗಿದೆ.

ಪಾರ್ಸೆಲಿನವರು ಮನೆವರೆಗೆ ಬರಲಿಲ್ಲ, "ಗಾಡಿ ಹತ್ತುವುದಿಲ್ಲ" ಅಂತ ಮಲಯಾಳದಲ್ಲಿ ಫೋನ್ ಮಾಡಿ ಪೇಟೆಯ ಅಂಗಡಿಯಲ್ಲಿ ಇಳಿಸಿ ಹೋದರು. ನಾನೇ ಜೀಪಿನಲ್ಲಿ ತಂದೆ. ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಕನ್ನಡಿ ಓರೆಯಾಗಿತ್ತು. ಎರಡು ಕನ್ನಡಿಗಳನ್ನು ಒಂದೇ ಗೆರೆಗೆ ತರುವುದಕ್ಕೆ ಕೊಲಿಮೇಷನ್ ಅನ್ನುತ್ತಾರೆ, ಅದಕ್ಕೆ ಬೇಕಾದ ಮುಚ್ಚಳವೂ ಡಬ್ಬದಲ್ಲಿ ಇರಲಿಲ್ಲ. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ನಡುವೆ ತೂತು ಮಾಡಿ ಅದರಲ್ಲೇ ಸರಿ ಮಾಡಿದೆ. ಕಷ್ಟ ಏನಿಲ್ಲ, ಆದರೆ ಹೊಸಬರು ಹೆದರುತ್ತಾರೆ ಅಲ್ವಾ?

ಈಗ ಹೊಂಡದ ವಿಷಯ. ಸಾರಾಭಾಯಿ ಕುಳಿಯ ಅಗಲ ಸುಮಾರು 7.6 ಕಿ.ಮೀ. ಚಂದ್ರನ ಅಡ್ಡಗಲದಲ್ಲಿ 450ರಲ್ಲಿ ಒಂದು ಪಾಲು ಸಹ ಇಲ್ಲ. ಮೊದಲು ಇದಕ್ಕೆ ಬೆಸೆಲ್ ಎ ಅಂತಿದ್ದರು, 1973ರಲ್ಲಿ ಸಾರಾಭಾಯಿ ಹೆಸರು ಬಂತು. ಅವರು ತೀರಿಕೊಂಡದ್ದು 1971ರ ಡಿಸೆಂಬರಿನಲ್ಲಿ, ಇದೇ ಕೇರಳದ ಕೋವಳಂನಲ್ಲಿ.

ನನ್ನ ದಡ್ಡತನ ಏನೆಂದರೆ ಮೊದಲು ನೋಡಿದ್ದು ಹುಣ್ಣಿಮೆಗೆ. ಕಣ್ಣು ಕುಕ್ಕುವ ಬೆಳಕು, ಎಲ್ಲಿ ನೋಡಿದರೂ ಬಿಳಿ ಚುಕ್ಕೆ, ನೆರಳೇ ಇಲ್ಲ. ನೆರಳಿಲ್ಲದೆ ಹೊಂಡ ಹೊಂಡದ ಹಾಗೆ ಕಾಣುವುದಿಲ್ಲ. ಟೆಲಿಸ್ಕೋಪೇ ಹಾಳು ಅಂದುಕೊಂಡು ವಾಪಸ್ ಕಳಿಸುವವನಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಆ ಜಾಗದಲ್ಲಿ ಸೂರ್ಯ ಹುಟ್ಟುವುದು ನಮ್ಮ ಶುಕ್ಲಪಕ್ಷದ ಷಷ್ಠಿ ಮುಗಿಯುವ ಹೊತ್ತಿಗೆ. ಕಿರುಷಷ್ಠಿಯ ರಾತ್ರಿ ನೋಡಿದರೆ ಸೆರೆನಿಟಾಟಿಸ್ ಅನ್ನುವ ಆ ಕಪ್ಪು ಬಯಲು ಅರ್ಧ ಕತ್ತಲಲ್ಲಿತ್ತು, ಸಾರಾಭಾಯಿ ಕತ್ತಲ ಕಡೆಗೇ ಇತ್ತು. ಮರುದಿನ ಸಪ್ತಮಿ. ಬಯಲಿನಲ್ಲಿ 16 ಕಿ.ಮೀ. ಅಗಲದ ಬೆಸೆಲ್ ಕುಳಿ ಸಲೀಸಾಗಿ ಸಿಕ್ಕಿತು. ಅದರ ಈಶಾನ್ಯಕ್ಕೆ ಸ್ವಲ್ಪ ಸರಿದರೆ, ಅಗೋ! ಪುಟ್ಟ ಬಟ್ಟಲು. ಒಂದು ಗೋಡೆ ಬೆಳ್ಳಗೆ, ಉಳಿದದ್ದೆಲ್ಲ ಶಾಯಿ ತುಂಬಿದ ಹಾಗೆ. ಇದರಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ, ನಕ್ಷೆಯನ್ನೂ ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ನನ್ನ ಹಾಗೆ ಅರ್ಧ ಗಂಟೆ ನೈಋತ್ಯದಲ್ಲಿ ಹುಡುಕುತ್ತೀರಿ.

ಆ ನೆರಳು ಯಾಕೆ ಅಷ್ಟು ಗಟ್ಟಿ ಅನ್ನುವುದಕ್ಕೆ ಉತ್ತರ ಚಂದ್ರಯಾನ-2ರಲ್ಲಿ ಇದೆ. ಲ್ಯಾಂಡರ್ ಹೋಯಿತು ಅಂತ ನಾವೆಲ್ಲ ಬೇಜಾರು ಮಾಡಿಕೊಂಡೆವು, ಆದರೆ ಆರ್ಬಿಟರ್ ಸುತ್ತುತ್ತಲೇ ಇತ್ತು, ಅದರ ಕ್ಯಾಮೆರಾ 2020ರ ಜುಲೈ ಕೊನೆಗೆ ಈ ಕುಳಿಯ ಚಿತ್ರ ತೆಗೆಯಿತು. ಅಂಚಿನಿಂದ ತಳಕ್ಕೆ ಸುಮಾರು 1.7 ಕಿ.ಮೀ. ಆಳ, ಗೋಡೆಯ ಇಳಿಜಾರು 25ರಿಂದ 35 ಡಿಗ್ರಿ. ಕೊಡಗಿನ ತಡಿಯಂಡಮೋಳ್ ಬೆಟ್ಟದ ಎತ್ತರ 1,748 ಮೀಟರ್, ಅದನ್ನು ಒಳಗೆ ಇಳಿಸಿದರೆ ತುದಿ ಅಂಚಿಗೆ ಬರುತ್ತದೆ, ಅಷ್ಟು. ಸೂರ್ಯ ಆ ಇಳಿಜಾರಿಗಿಂತ ತಗ್ಗಿನಲ್ಲಿ ಇರುವವರೆಗೆ ಪೂರ್ವದ ಗೋಡೆಗೆ ಬೆಳಕು ಬೀಳುವುದಿಲ್ಲ. ಸಪ್ತಮಿಗೆ ನಾನು ನೋಡಿದ್ದು ಅದನ್ನೇ.

ಅಕ್ಕನ ಮಗ "ಮಾವ, ಅಪೋಲೊದವರ ಬಾವುಟ ಕಾಣ್ತದಾ?" ಅಂತ ಕೇಳಿದ. ಅಪೋಲೊ 17 ಇಳಿದದ್ದು ಈ ಕುಳಿಯಿಂದ ಪೂರ್ವಕ್ಕೆ 300 ಕಿ.ಮೀ. ಆಸುಪಾಸಿನಲ್ಲಿ, ಜಾಗ ತೋರಿಸಬಹುದು. ಬಾವುಟ ಭೂಮಿಯ ಯಾವ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ. ಅವನಿಗೆ ಅಲ್ಲಿಗೆ ಆಸಕ್ತಿ ಹೋಯಿತು.

ನಮ್ಮೂರಿನವರು ಗಮನಿಸಬೇಕಾದ ಎರಡು ಮಾತು. ತಾರಸಿ ಮೇಲೆ ಇಡಬೇಡಿ. ಹಗಲು ಕಾದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತದೆ, ಚಿತ್ರ ಕುದಿಯುತ್ತದೆ. ಇನ್ನೊಂದು, ಜನವರಿ ಫೆಬ್ರವರಿಯ ಸಪ್ತಮಿಗೆ ಮುಸ್ಸಂಜೆ ಚಂದ್ರ ಹೆಚ್ಚುಕಮ್ಮಿ ನೆತ್ತಿಯ ಮೇಲೆ ಇರುತ್ತಾನೆ, ಕೊಳವೆ ನೆಟ್ಟಗೆ ನಿಂತರೆ ಡಾಬ್ಸೋನಿಯನ್ ತಿರುಗಿಸುವುದು ತಲೆನೋವು. ಸ್ವಲ್ಪ ಪಶ್ಚಿಮಕ್ಕೆ ವಾಲುವವರೆಗೆ ಕಾಯಬೇಕು, ತೀರಾ ಕಾದರೆ ಅಡಿಕೆ ತೋಟ ನುಂಗುತ್ತದೆ. ನನಗೆ ಸಿಗುವುದು ಎಂಟರಿಂದ ಒಂಬತ್ತೂವರೆ.

ಮಳೆಗಾಲದ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಂದ್ರನೂ ಇಲ್ಲ, ಟೆಲಿಸ್ಕೋಪಿಗೆ ಕ್ಷೇಮವೂ ಇಲ್ಲ. ಪೀಠ ಪಾರ್ಟಿಕಲ್ ಬೋರ್ಡಿನದು, ತೇವ ಕುಡಿದು ಅಂಚು ಉಬ್ಬಿತು. 10 ಮಿ.ಮೀ. ಐಪೀಸಿನೊಳಗೆ ಬೂಷ್ಟು ಬಂತು. ಮಾರಿದವರಿಗೆ ಬರೆದರೆ ವಾರಂಟಿಯಲ್ಲಿ ಬೂಷ್ಟು ಸೇರುವುದಿಲ್ಲ ಎಂದರು. ಕರಾವಳಿಗೆ ಮಾರುವವರು ಇದನ್ನು ಮೊದಲೇ ಹೇಳಬೇಡವಾ? ಈಗ ಐಪೀಸ್‌ಗಳು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿವೆ.

ಕನ್ನಡಿಗೆ ಐದಕ್ಕೆ ನಾಲ್ಕೂವರೆ, ಉಳಿದ ಸಾಮಾನಿಗೆ ಎರಡು. ತೆಗೆದುಕೊಳ್ಳಬಹುದು, ಬೇರೆ ಒಳ್ಳೆಯ ಐಪೀಸಿಗೆ ಸ್ವಲ್ಪ ದುಡ್ಡು ತೆಗೆದಿಟ್ಟುಕೊಳ್ಳಿ. ಪೆರ್ಲ, ಬದಿಯಡ್ಕ ಕಡೆಯವರು ಕೊಳ್ಳುವ ಮೊದಲು ನೋಡಬೇಕಿದ್ದರೆ ಶುಕ್ಲಪಕ್ಷದ ಸಪ್ತಮಿಗೆ ಬನ್ನಿ. ಅಂಗಳದಲ್ಲಿ ಅಡಿಕೆ ಹರಗಿರುತ್ತದೆ, ಬದಿಯಲ್ಲೇ ನಡೆಯಿರಿ, ಕಳೆದ ಸಲ ಒಬ್ಬರು ತುಳಿದದ್ದಕ್ಕೆ ಅಮ್ಮನ ಹತ್ತಿರ ಬೈಸಿಕೊಂಡದ್ದು ನಾನು.